ಓದುಗರ ಪ್ರಶ್ನೆ, ನಮ್ಮ ಉತ್ತರ: ಆಟಗಾರ ಆಂಚೆಲೊಟ್ಟಿ, ಕೋಚ್ ಆಂಚೆಲೊಟ್ಟಿ

ಇಟಲಿಯ ಫುಟ್‌ಬಾಲ್ ಕೋಚ್ ಕಾರ್ಲೊ ಆಂಚೆಲೊಟ್ಟಿ ಅವರ ಬಗ್ಗೆ ಬಂದ ಪ್ರಶ್ನೆಗಳೇ ಈ ಸಲ ಹೆಚ್ಚು. ಕೆಲವರು ಅವರ ಆಟದ ದಿನಗಳ ಬಗ್ಗೆ ಕೇಳಿದ್ದಾರೆ, ಕೆಲವರು ತಂತ್ರದ ಬಗ್ಗೆ. ತಮ್ಮ ತಂಡಕ್ಕೆ ಅವರ ಪದ್ಧತಿ ಹೊಂದುತ್ತದೆಯೇ ಎಂದು ಕೇಳಿದವರೂ ಇದ್ದಾರೆ. ಹಾಗಾಗಿ ಇಡೀ ಅಂಕಣವನ್ನು ಅವರಿಗೇ ಬಿಟ್ಟಿದ್ದೇವೆ.

ಪ್ರಶ್ನೆ: ಅವರ ಹೆಸರನ್ನು ಒಬ್ಬೊಬ್ಬರು ಒಂದೊಂದು ಥರ ಬರೆಯುತ್ತಾರೆ. ಯಾವುದು ಸರಿ?

ಉತ್ತರ: ಇಟಾಲಿಯನ್ ಬರವಣಿಗೆಯಲ್ಲಿ 'ಸಿ' ಅಕ್ಷರದ ಮುಂದೆ ಎಕಾರವೋ ಇಕಾರವೋ ಬಂದರೆ ಅದನ್ನು ಚಕಾರವಾಗಿ ಓದಬೇಕು. ಆದ್ದರಿಂದ 'ಆನ್ಸೆಲೊಟ್ಟಿ' ಅಲ್ಲ, 'ಆಂಚೆಲೊಟ್ಟಿ'. ಇನ್ನೂ ಕರಾರುವಾಕ್ಕಾಗಿ ಹೇಳಬೇಕೆಂದರೆ ಕೊನೆಯ ಅಕ್ಷರ ಅವರ ಬಾಯಲ್ಲಿ 'ತ್ತಿ'ಗೆ ಹತ್ತಿರ. 'ಟ್ಟಿ' ಈಗಾಗಲೇ ರೂಢಿಗೆ ಬಂದಿರುವುದರಿಂದ ನಾವೂ ಅದನ್ನೇ ಬಳಸುತ್ತಿದ್ದೇವೆ. ಇಟಲಿಯ ಆಟಗಾರರು ಕೋಚ್‌ನನ್ನು ಹೆಸರು ಹಿಡಿದು ಕರೆಯುವುದಿಲ್ಲ, 'ಮಿಸ್ತರ್' ಎನ್ನುತ್ತಾರೆ. ನೂರು ವರ್ಷಗಳಿಗೂ ಹಿಂದೆ ಜೆನೋವಾ ಕ್ಲಬ್‌ಗೆ ಬಂದಿದ್ದ ಇಂಗ್ಲಿಷ್ ಕೋಚ್ ವಿಲಿಯಂ ಗಾರ್ಬಟ್ ಅವರಿಂದ ಈ ರೂಢಿ ಬಂತೆಂದು ಅಲ್ಲಿ ಹೇಳುತ್ತಾರೆ.

ಪ್ರಶ್ನೆ: ಕೋಚ್ ಆಗಿ ಅವರನ್ನು ಎಲ್ಲರೂ ಬಲ್ಲರು. ಆಟಗಾರರಾಗಿಯೂ ಅಷ್ಟೇ ದೊಡ್ಡವರಾಗಿದ್ದರೇ?

ಉತ್ತರ: ದೊಡ್ಡ ಆಟಗಾರರೇ. ಆದರೆ ಮೊಣಕಾಲು ಅವರಿಗೆ ಪೂರ್ತಿ ಸಾಥ್ ಕೊಡಲಿಲ್ಲ.

1959ರ ಜೂನ್ 10ರಂದು ಎಮಿಲಿಯಾ-ರೊಮಾನ್ಯ ಪ್ರಾಂತದ ರೆಜ್ಜೋಲೊ ಎಂಬ ಊರಿನಲ್ಲಿ, ಹಸು ಕಟ್ಟಿಕೊಂಡು ಬದುಕುತ್ತಿದ್ದ ರೈತರ ಮನೆಯಲ್ಲಿ ಹುಟ್ಟಿದವರು. 1976ರಲ್ಲಿ ಪಾರ್ಮಾ ಸೇರಿದಾಗ ಆ ಕ್ಲಬ್ ಮೂರನೇ ದರ್ಜೆಯಲ್ಲಿತ್ತು. 1979ರಲ್ಲಿ ಎರಡನೇ ದರ್ಜೆಗೆ ಏರಲು ತ್ರಿಯೆಸ್ತಿನಾ ವಿರುದ್ಧ ನಿರ್ಣಾಯಕ ಪಂದ್ಯ ನಡೆಯಿತು. ಪಾರ್ಮಾ 3-1ರಿಂದ ಗೆದ್ದಿತು, ಅದರಲ್ಲಿ ಎರಡು ಗೋಲು ಇಪ್ಪತ್ತರ ಹೊಸ್ತಿಲಲ್ಲಿದ್ದ ಆಂಚೆಲೊಟ್ಟಿಯವು. ಆಗ ಪಾರ್ಮಾದ ಕೋಚ್ ಆಗಿದ್ದವರು ಚೆಸಾರೆ ಮಾಲ್ದಿನಿ. ಮುಂದೆ ಅವರ ಮಗ ಪಾವೊಲೊ ಮಾಲ್ದಿನಿ ಇದೇ ಆಂಚೆಲೊಟ್ಟಿ ಕೈಕೆಳಗೆ ಮಿಲಾನ್ ತಂಡದ ನಾಯಕರಾಗಿ ಆಡಿದರು.

ಅದೇ ವರ್ಷ ರೋಮಾ ಅವರನ್ನು ಕೊಂಡಿತು. ಅಲ್ಲಿ ಸ್ವೀಡನ್ನಿನ ನಿಲ್ಸ್ ಲಿಡ್‌ಹೋಮ್ ಕೋಚ್, ಪಕ್ಕದಲ್ಲಿ ಬ್ರೆಜಿಲ್‌ನ ಫಲ್ಕಾವೊ. 1982-83ರಲ್ಲಿ ರೋಮಾ 41 ವರ್ಷಗಳ ನಂತರ ಲೀಗ್ ಗೆದ್ದಿತು. 1980, 1981, 1984, 1986ರಲ್ಲಿ ಇಟಾಲಿಯನ್ ಕಪ್ ಕೂಡ ಬಂತು. ಆದರೆ 1981ರ ಅಕ್ಟೋಬರ್‌ನಲ್ಲಿ ಫಿಯೊರೆಂತಿನಾ ವಿರುದ್ಧದ ಪಂದ್ಯದಲ್ಲಿ ಮೊಣಕಾಲು ತೀವ್ರವಾಗಿ ಗಾಯಗೊಂಡು, ಇಟಲಿ ಗೆದ್ದ 1982ರ ವಿಶ್ವಕಪ್ ಕೈತಪ್ಪಿತು. 1983ರ ಡಿಸೆಂಬರ್‌ನಲ್ಲಿ ಯುವೆಂಟಸ್ ವಿರುದ್ಧ ಮತ್ತೆ ಮೊಣಕಾಲಿಗೇ ಪೆಟ್ಟು. 1984ರ ಯುರೋಪಿಯನ್ ಕಪ್ (ಈಗಿನ ಚಾಂಪಿಯನ್ಸ್ ಲೀಗ್) ಫೈನಲ್ ರೋಮಾದ ಸ್ವಂತ ಮೈದಾನದಲ್ಲೇ ನಡೆದಾಗ ಅವರು ಆಡುವ ಸ್ಥಿತಿಯಲ್ಲಿರಲಿಲ್ಲ. ಲಿವರ್‌ಪೂಲ್ ಪೆನಾಲ್ಟಿ ಶೂಟೌಟ್‌ನಲ್ಲಿ ಗೆದ್ದಿತು. ಒಬ್ಬ ಮಿಡ್‌ಫೀಲ್ಡರ್‌ನ ಬದುಕಿನ ಎರಡು ದೊಡ್ಡ ಪಂದ್ಯಾವಳಿಗಳು ಹೀಗೆ ಹಾಸಿಗೆಯಲ್ಲೇ ಕಳೆದುಹೋದವು.

1987ರಲ್ಲಿ, 28ನೇ ವಯಸ್ಸಿನಲ್ಲಿ ಮಿಲಾನ್‌ಗೆ ಬಂದರು. ಅವರ ಮೊಣಕಾಲಿನ ಬಗ್ಗೆ ಕ್ಲಬ್ಬಿಗೆ ಅನುಮಾನವಿತ್ತು. ಪಟ್ಟು ಹಿಡಿದು ಕರೆಸಿಕೊಂಡವರು ಕೋಚ್ ಅರ್ರಿಗೊ ಸಾಕ್ಕಿ. ಓಟ ಕಡಿಮೆಯಾಗಿದ್ದ ಆಟಗಾರನನ್ನು ಅಷ್ಟು ಓಡಿಸುವ ತಂಡಕ್ಕೆ ಏಕೆ ತಂದರು? ಸಾಕ್ಕಿಯ ತಂಡದಲ್ಲಿ ಕೊನೆಯ ಡಿಫೆಂಡರ್‌ಗೂ ಮುಂದಿನ ಸ್ಟ್ರೈಕರ್‌ಗೂ ನಡುವೆ ಸುಮಾರು 25 ಮೀಟರ್ ಮಾತ್ರ ಅಂತರ ಇರಬೇಕಿತ್ತು. ಅಷ್ಟು ಇಕ್ಕಟ್ಟಿನಲ್ಲಿ ಕಾಲಿನ ವೇಗಕ್ಕಿಂತ ಒಂದು ಕ್ಷಣ ಮೊದಲೇ ಸರಿಯಾದ ಜಾಗಕ್ಕೆ ಹೋಗಿ ನಿಲ್ಲುವ ಬುದ್ಧಿ ಬೇಕು. ಅದು ಆಂಚೆಲೊಟ್ಟಿಯಲ್ಲಿತ್ತು. ಮೊದಲ ವರ್ಷವೇ ಲೀಗ್ ಪ್ರಶಸ್ತಿ ಬಂತು, 1989 ಮತ್ತು 1990ರಲ್ಲಿ ಯುರೋಪಿಯನ್ ಕಪ್. 1989ರ ಏಪ್ರಿಲ್ 19ರಂದು ಸೆಮಿಫೈನಲ್‌ನಲ್ಲಿ ರಿಯಲ್ ಮ್ಯಾಡ್ರಿಡ್ ಅನ್ನು 5-0ರಿಂದ ಮಣಿಸಿದಾಗ ಮೊದಲ ಗೋಲು ಅವರದು: ಒಬ್ಬಿಬ್ಬರನ್ನು ದಾಟಿ ದೂರದಿಂದಲೇ ಹೊಡೆದ ಚೆಂಡು ಗೋಲ್‌ಕೀಪರ್ ಕೈಗಳ ಮೇಲೆ ಹಾದು ಬಲೆ ಸೇರಿತು. ಇಟಲಿ ಪರ 26 ಪಂದ್ಯ, ಒಂದು ಗೋಲು. 1990ರ ವಿಶ್ವಕಪ್‌ನಲ್ಲಿ ಮೂರನೇ ಸ್ಥಾನ ಪಡೆದ ತಂಡದಲ್ಲಿದ್ದರು. 1992ರಲ್ಲಿ ಇನ್ನೊಂದು ಲೀಗ್ ಪ್ರಶಸ್ತಿಯೊಂದಿಗೆ ಆಟ ನಿಲ್ಲಿಸಿದರು.

ಪ್ರಶ್ನೆ: ಇಟಲಿಯಲ್ಲಿ ದೊಡ್ಡ ಆಟಗಾರ ನಿವೃತ್ತನಾದ ಕೂಡಲೇ ಕೋಚ್ ಆಗಬಹುದೇ? ಆಂಚೆಲೊಟ್ಟಿ ಹೇಗೆ ಆದರು?

ಉತ್ತರ: ಹೆಸರು ಎಷ್ಟೇ ದೊಡ್ಡದಿರಲಿ, ಲೈಸೆನ್ಸ್ ಬೇಕೇ ಬೇಕು. ಫ್ಲಾರೆನ್ಸ್ ಹೊರವಲಯದ ಕೊವೆರ್ಚಾನೊದಲ್ಲಿ ಇಟಲಿಯ ಫುಟ್‌ಬಾಲ್ ಫೆಡರೇಷನ್ನಿನ ತರಬೇತಿ ಕೇಂದ್ರವಿದೆ. ಈಗಿನ ಕ್ರಮದಲ್ಲಿ ಯುರೋಪಿನ ಫುಟ್‌ಬಾಲ್ ಸಂಸ್ಥೆ ಯುಯೆಫಾದ ಲೈಸೆನ್ಸ್‌ಗಳನ್ನು ಮೆಟ್ಟಿಲು ಮೆಟ್ಟಿಲಾಗಿ ಪಡೆದು, ಕಡೆಗೆ 'ಪ್ರೊ' ಲೈಸೆನ್ಸ್ ಗಳಿಸಿದವರು ಮಾತ್ರ ಮೊದಲ ದರ್ಜೆಯ ಲೀಗ್ ಆದ ಸೀರಿ ಎ ತಂಡಕ್ಕೆ ಮುಖ್ಯ ಕೋಚ್ ಆಗಬಹುದು. ಕೊನೆಯ ಹಂತದಲ್ಲಿ ಒಂದು ಪ್ರಬಂಧ ಬರೆದು ಪರೀಕ್ಷಕರ ಮುಂದೆ ಸಮರ್ಥಿಸಬೇಕು. ಆಂಚೆಲೊಟ್ಟಿಯ ಪ್ರಬಂಧ 1997ರದು. ಫುಟ್‌ಬಾಲ್ ಇನ್ನಷ್ಟು ಚಲನಶೀಲವಾಗಬೇಕು ಎಂಬುದೇ ಅದರ ವಿಷಯ.

ಅವರ ನಿಜವಾದ ಪಾಠಶಾಲೆ ಮಾತ್ರ ಸಾಕ್ಕಿಯ ಪಕ್ಕದ ಕುರ್ಚಿ. ಆಟ ಬಿಟ್ಟ ವರ್ಷವೇ ರಾಷ್ಟ್ರೀಯ ತಂಡದಲ್ಲಿ ಸಾಕ್ಕಿಗೆ ಸಹಾಯಕರಾದರು. 1994ರ ವಿಶ್ವಕಪ್ ಫೈನಲ್‌ನಲ್ಲಿ ಪಸಡೀನಾದಲ್ಲಿ ಬ್ರೆಜಿಲ್ ಎದುರು ಇಟಲಿ ಪೆನಾಲ್ಟಿಯಲ್ಲಿ ಸೋತಾಗ ಬೆಂಚಿನಲ್ಲಿದ್ದರು. 1995ರಲ್ಲಿ ಊರಿಗೆ ಹತ್ತಿರದ ರೆಜ್ಜಾನಾ ಕ್ಲಬ್ ಎರಡನೇ ದರ್ಜೆಗೆ ಇಳಿದಿತ್ತು. ಮೊದಲ ಸಲ ಸ್ವತಂತ್ರವಾಗಿ ಹೊಣೆ ಹೊತ್ತ ಅವರು ಒಂದೇ ವರ್ಷದಲ್ಲಿ ಅದನ್ನು ಮತ್ತೆ ಸೀರಿ ಎಗೆ ಏರಿಸಿದರು.

ಪ್ರಶ್ನೆ: ಇಟಲಿಯ ತಾರೆ ರೊಬೆರ್ತೊ ಬಾಜ್ಜೊ ಅವರಂಥ ಆಟಗಾರನನ್ನೇ ಬೇಡ ಎಂದರಂತೆ, ನಿಜವೇ?

ಉತ್ತರ: ನಿಜ. ಅವರ ಕೋಚಿಂಗ್ ಬದುಕು ಅರ್ಥವಾಗಬೇಕಾದರೆ ಮೊದಲು ಈ ತಪ್ಪನ್ನು ತಿಳಿಯಬೇಕು. ಅದನ್ನು ತಪ್ಪೆಂದು ಅವರೇ ಮುಂದೆ ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡಿದ್ದಾರೆ.

1996ರಲ್ಲಿ ಪಾರ್ಮಾಕ್ಕೆ ಬಂದಾಗ ಅವರ ತಲೆಯಲ್ಲಿದ್ದದ್ದು ಸಾಕ್ಕಿಯ 4-4-2 ಒಂದೇ. ಈ ಪದ್ಧತಿಯಲ್ಲಿ ನಾಲ್ವರು ಡಿಫೆಂಡರ್‌ಗಳ ಒಂದು ಸಾಲು, ಅದರ ಮುಂದೆ ನಾಲ್ವರು ಮಿಡ್‌ಫೀಲ್ಡರ್‌ಗಳ ಇನ್ನೊಂದು ಸಾಲು. ಚೆಂಡು ಎಡಕ್ಕೆ ಹೋದರೆ ಎಂಟೂ ಜನ ಎಡಕ್ಕೆ ಜರುಗಬೇಕು. ಇಬ್ಬರು ಸ್ಟ್ರೈಕರ್‌ಗಳೂ ಎದುರಾಳಿಯ ಡಿಫೆಂಡರ್‌ಗಳನ್ನು ಒತ್ತಬೇಕು. ಮಿಡ್‌ಫೀಲ್ಡ್‌ಗೂ ಸ್ಟ್ರೈಕರ್‌ಗೂ ನಡುವಿನ ಜಾಗದಲ್ಲಿ ಸ್ವತಂತ್ರವಾಗಿ ಆಡುವ 'ನಂಬರ್ ಹತ್ತು' ಎಂಬವನಿಗೆ ಇಲ್ಲಿ ಸ್ಥಳವೇ ಇಲ್ಲ. ಪಾರ್ಮಾದಲ್ಲಿ ಅಂಥವರೊಬ್ಬರಿದ್ದರು, ಜಾನ್‌ಫ್ರಾಂಕೊ ಜೋಲಾ. ಆಂಚೆಲೊಟ್ಟಿ ಅವರನ್ನು ಮಿಡ್‌ಫೀಲ್ಡ್‌ನ ಅಂಚಿಗೆ ತಳ್ಳಿದರು. 1996ರ ನವೆಂಬರ್‌ನಲ್ಲಿ ಜೋಲಾ ಚೆಲ್ಸಿಗೆ ಹೊರಟುಹೋದರು, ಅಲ್ಲಿ ಅಭಿಮಾನಿಗಳ ಕಣ್ಮಣಿಯಾದರು. ಮರುವರ್ಷ ಬಾಜ್ಜೊ ಪಾರ್ಮಾಕ್ಕೆ ಬರಲು ತಯಾರಿದ್ದರು. ಸ್ಟ್ರೈಕರ್‌ಗಳ ಹಿಂದೆ ಆಡುತ್ತೇನೆ ಎಂಬುದು ಅವರ ಬಯಕೆ. ಆಂಚೆಲೊಟ್ಟಿ ಒಪ್ಪಲಿಲ್ಲ. ಬೊಲೋನ್ಯ ಸೇರಿದ ಬಾಜ್ಜೊ 1997-98ರ ಲೀಗ್‌ನಲ್ಲಿ 22 ಗೋಲು ಹೊಡೆದರು.

ಪದ್ಧತಿ ಕೆಟ್ಟದ್ದೆಂದು ಇದರರ್ಥವಲ್ಲ. ಬುಫೋನ್, ತ್ಯುರಾಮ್, ಕನ್ನವಾರೊ, ಕ್ರೆಸ್ಪೊ ಇದ್ದ ಆ ಎಳೆಯ ತಂಡ 1996-97ರಲ್ಲಿ 63 ಅಂಕ ಗಳಿಸಿ, ಚಾಂಪಿಯನ್ ಯುವೆಂಟಸ್‌ಗಿಂತ ಎರಡೇ ಅಂಕ ಹಿಂದೆ ಉಳಿಯಿತು. ತಪ್ಪು ಎಲ್ಲಿತ್ತೆಂದರೆ, ಚೌಕಟ್ಟನ್ನು ಮೊದಲು ಹಾಕಿ ಆಮೇಲೆ ಅದರೊಳಗೆ ಆಟಗಾರರನ್ನು ತುರುಕಿದರು. 1999ರ ಫೆಬ್ರವರಿಯಲ್ಲಿ ಯುವೆಂಟಸ್‌ಗೆ ಹೋದಾಗ ಅಲ್ಲಿದ್ದವರು ಜಿನೆದಿನ್ ಜಿದಾನ್. ಅವರನ್ನು ಅಂಚಿಗೆ ತಳ್ಳಿ ಆಡಿಸುವ ಮಾತೇ ಇರಲಿಲ್ಲ. ಹಿಂದೆ ಮೂವರು, ನಡುವೆ ನಾಲ್ವರು, ಅವರ ಮುಂದೆ ಸ್ವತಂತ್ರವಾಗಿ ಜಿದಾನ್, ತುದಿಯಲ್ಲಿ ಇಬ್ಬರು ಎಂದು ಆಂಚೆಲೊಟ್ಟಿಯೇ ಬದಲಾದರು. ಅಲ್ಲಿಂದ ಮುಂದೆ ಅವರು ಕಟ್ಟಿದ ಒಂದೊಂದು ತಂಡವೂ ಆಟಗಾರನಿಂದ ಶುರುವಾಗಿ ಆಕಾರಕ್ಕೆ ಬಂದದ್ದು.

ಪ್ರಶ್ನೆ: ಯುವೆಂಟಸ್‌ನಲ್ಲಿ ಏಕೆ ಗೆಲ್ಲಲಿಲ್ಲ?

ಉತ್ತರ: ಎರಡು ಸಲ ಕೂದಲೆಳೆಯಲ್ಲಿ ತಪ್ಪಿತು. 2000ದ ಮೇ 14, ಲೀಗ್‌ನ ಕೊನೆಯ ದಿನ. ಪೆರೂಜಾದಲ್ಲಿ ಧಾರಾಕಾರ ಮಳೆ ಬಿದ್ದು ಮೈದಾನ ಕೆರೆಯಾಯಿತು. ರೆಫರಿ ಪಿಯೆರ್‌ಲುಯಿಜಿ ಕೊಲ್ಲೀನಾ ಒಂದು ಗಂಟೆಗೂ ಹೆಚ್ಚು ಕಾಲ ಆಟ ನಿಲ್ಲಿಸಿ ಮತ್ತೆ ಶುರುಮಾಡಿಸಿದರು. ಪೆರೂಜಾದ ಡಿಫೆಂಡರ್ ಕಲೋರಿ ಹೊಡೆದ ಏಕೈಕ ಗೋಲಿನಿಂದ ಯುವೆಂಟಸ್ ಸೋತಿತು, 72-71ರ ಅಂತರದಲ್ಲಿ ಲಾತ್ಸಿಯೊ ಚಾಂಪಿಯನ್ ಆಯಿತು. ಮರುವರ್ಷ ರೋಮಾಗಿಂತ ಎರಡು ಅಂಕ ಹಿಂದೆ. 2001ರಲ್ಲಿ ಕೆಲಸ ಹೋಯಿತು.

ಪ್ರಶ್ನೆ: ಮಿಲಾನ್‌ನಲ್ಲಿ ಅವರು ಆಡಿಸಿದ 'ಕ್ರಿಸ್‌ಮಸ್ ಮರ' ಎಂದರೇನು? ಅದು ಹೇಗೆ ನಡೆಯುತ್ತಿತ್ತು?

ಉತ್ತರ: 4-3-2-1. ಕೆಳಗೆ ಅಗಲ, ಮೇಲೆ ಹೋದಂತೆ ಚೂಪು. ಕಾಗದದ ಮೇಲೆ ಬರೆದು ನೋಡಿದರೆ ಹೆಸರು ಏಕೆ ಬಂತೆಂದು ತಿಳಿಯುತ್ತದೆ. ಫಾತಿಹ್ ತೆರಿಮ್ ಅವರ ಜಾಗಕ್ಕೆ 2001ರ ನವೆಂಬರ್‌ನಲ್ಲಿ ಆಂಚೆಲೊಟ್ಟಿ ಮಿಲಾನ್‌ಗೆ ಬಂದರು. ತಂಡದಲ್ಲಿ ಕುಶಲ ಮಿಡ್‌ಫೀಲ್ಡರ್‌ಗಳು ಜಾಸ್ತಿ, ವಿಂಗ್‌ನಲ್ಲಿ ಓಡುವವರು ಕಡಿಮೆ. ಅದೇ ಅವರಿಗೆ ದಾರಿ ತೋರಿಸಿತು.

ಎಲ್ಲದರ ಕೀಲು ಆಂದ್ರೆಯಾ ಪಿರ್ಲೊ. ಅವರು ಮೂಲತಃ ಸ್ಟ್ರೈಕರ್‌ಗಳ ಹಿಂದೆ ಆಡುವ ಹತ್ತನೇ ನಂಬರಿನವರು. 2001ರಲ್ಲಿ ಬ್ರೆಷಾ ಕ್ಲಬ್‌ನಲ್ಲಿ ಆ ಜಾಗವನ್ನು ಬಾಜ್ಜೊ ಹಿಡಿದಿದ್ದರಿಂದ ಕೋಚ್ ಕಾರ್ಲೊ ಮತ್ಸೋನೆ ಪಿರ್ಲೊರನ್ನು ಡಿಫೆಂಡರ್‌ಗಳ ಮುಂದೆ ನಿಲ್ಲಿಸಿದ್ದರು. ಮಿಲಾನ್‌ನಲ್ಲಿ ಆಂಚೆಲೊಟ್ಟಿ ಅದನ್ನೇ ಖಾಯಂ ಮಾಡಿದರು. ಯಾರಿಗೆ ಜಾಗವಿಲ್ಲ ಎಂದು ಪಾರ್ಮಾದಲ್ಲಿ ಬಾಗಿಲು ಹಾಕಿದ್ದರೋ, ಅದೇ ಬಾಜ್ಜೊನಿಂದಾಗಿ ಹಿಂದೆ ಸರಿದ ಆಟಗಾರನೇ ಇವರ ಅತ್ಯುತ್ತಮ ತಂಡದ ಬೆನ್ನೆಲುಬಾದ!

2006-07ರ ತಂಡವನ್ನು ನೋಡೋಣ. ಪಿರ್ಲೊ ಬಲಕ್ಕೆ ಗಟ್ಟೂಸೊ, ಎಡಕ್ಕೆ ಅಂಬ್ರೊಸೀನಿ: ಚೆಂಡು ಕಿತ್ತುಕೊಳ್ಳುವ ಕೆಲಸ ಇವರಿಬ್ಬರದು. ಮುಂದೆ ಸೇಡಾರ್ಫ್ ಮತ್ತು ಕಕಾ, ತುದಿಯಲ್ಲಿ ಒಬ್ಬನೇ ಸ್ಟ್ರೈಕರ್. ಎದುರಾಳಿಯ ನಡುವಿನ ಇಬ್ಬರು ಮಿಡ್‌ಫೀಲ್ಡರ್‌ಗಳಿಗೆ ಇಲ್ಲಿ ಇಕ್ಕಟ್ಟು ಎದುರಾಗುತ್ತದೆ. ಪಿರ್ಲೊರನ್ನು ತಡೆಯಲು ಮುಂದೆ ಬಂದರೆ ಬೆನ್ನ ಹಿಂದೆ ಕಕಾಗೆ ಬಯಲು ಸಿಗುತ್ತದೆ. ಕಕಾಗೆ ಅಂಟಿಕೊಂಡು ನಿಂತರೆ ಪಿರ್ಲೊಗೆ ತಲೆಯೆತ್ತಿ ನೋಡಿ 40 ಮೀಟರ್ ಪಾಸ್ ಕೊಡಲು ಸಮಯ ಸಿಗುತ್ತದೆ. ಆ ಋತುವಿನ ಚಾಂಪಿಯನ್ಸ್ ಲೀಗ್‌ನಲ್ಲಿ ಕಕಾ 10 ಗೋಲು ಹೊಡೆದದ್ದು ಇದೇ ಬಯಲಿನಲ್ಲಿ ಓಡಿ. ಸೆಮಿಫೈನಲ್‌ನ ಮೊದಲ ಪಂದ್ಯದಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ಎದುರು 2-3ರಿಂದ ಸೋತು, ಎರಡನೆಯದರಲ್ಲಿ 3-0ರಿಂದ ಗೆದ್ದರು. ಕಕಾ, ಸೇಡಾರ್ಫ್, ಜಿಲಾರ್ದೀನೊ ಒಂದೊಂದು ಗೋಲು. ಆ ಎರಡನೇ ಪಂದ್ಯದ ಮೊದಲ ಅರ್ಧ ಈ ಪದ್ಧತಿಯ ಪಾಠಪುಸ್ತಕ.

ಪ್ರಶ್ನೆ: ಹದಿಹರೆಯದವರ ತಂಡಕ್ಕೆ 4-3-2-1 ಕಲಿಸಬೇಕೆಂದಿದ್ದೇನೆ. ಏನು ನೋಡಿಕೊಳ್ಳಬೇಕು?

ಉತ್ತರ: ಮೊದಲು ಬೋರ್ಡ್ ಮೇಲೆ ಚುಕ್ಕಿ ಇಡಬೇಡಿ, ಆಟಗಾರರನ್ನು ನೋಡಿ. ಮೂರು ಪ್ರಶ್ನೆ ಹಾಕಿಕೊಳ್ಳಿ. ಒತ್ತಡದಲ್ಲೂ ಎರಡು ಸ್ಪರ್ಶದೊಳಗೆ ಚೆಂಡು ಬಿಡಬಲ್ಲ ಒಬ್ಬ ಮಿಡ್‌ಫೀಲ್ಡರ್ ಇದ್ದಾನೆಯೇ? ಇಡೀ ಪಂದ್ಯ ಮೇಲಕ್ಕೂ ಕೆಳಕ್ಕೂ ಓಡಬಲ್ಲ ಇಬ್ಬರು ಫುಲ್‌ಬ್ಯಾಕ್‌ಗಳು, ಎಂದರೆ ಅಂಚಿನ ಡಿಫೆಂಡರ್‌ಗಳು, ಇದ್ದಾರೆಯೇ? ಗೋಲಿಗೆ ಬೆನ್ನು ಮಾಡಿ ನಿಂತು ಚೆಂಡು ಹಿಡಿದಿಡಬಲ್ಲ ಸ್ಟ್ರೈಕರ್ ಇದ್ದಾನೆಯೇ? ಮೂರರಲ್ಲಿ ಎರಡಕ್ಕೆ 'ಇಲ್ಲ' ಎಂದಾದರೆ ಈ ಪದ್ಧತಿ ಬಿಟ್ಟುಬಿಡಿ.

ಕಲಿಸುವಾಗ ಮೊದಲು ಎದುರಾಳಿಯೇ ಇಲ್ಲದೆ ಹನ್ನೊಂದು ಜನರನ್ನು ನಿಲ್ಲಿಸಿ. ಚೆಂಡು ಎಲ್ಲಿದೆ ಎಂದು ಕೂಗಿ ಹೇಳಿ, ಅದಕ್ಕೆ ತಕ್ಕಂತೆ ಎಲ್ಲರೂ ನಡೆದು ಜರುಗಲಿ. ಸಾಕ್ಕಿ ತಮ್ಮ ಆಟಗಾರರಿಗೆ ಹೀಗೆಯೇ ಚೆಂಡಿಲ್ಲದೆ ಆಡಿಸುತ್ತಿದ್ದರು. ಪ್ರತಿ ಸಲ ನಿಲ್ಲಿಸಿದಾಗ ಸಾಲು ಸಾಲಿನ ನಡುವೆ 10ರಿಂದ 12 ಹೆಜ್ಜೆಗಿಂತ ಹೆಚ್ಚು ಅಂತರ ಇದೆಯೇ ಎಂದು ನೀವೇ ಅಳೆದು ನೋಡಿ. ನಡಿಗೆಯಲ್ಲಿ ಸರಿಬಂದ ಮೇಲೆ ಓಟ, ಆಮೇಲೆ ಆರು ಎದುರಾಳಿಗಳು, ಕೊನೆಗೆ ಪೂರ್ತಿ ತಂಡ.

ಎಡವಟ್ಟಾಗುವುದು ಸಾಮಾನ್ಯವಾಗಿ ಮೂರು ಕಡೆ. ಒಂದು, ಎರಡೂ ಫುಲ್‌ಬ್ಯಾಕ್‌ಗಳು ಒಟ್ಟಿಗೆ ಮುಂದೆ ಹೋಗಿಬಿಡುತ್ತಾರೆ. ಚೆಂಡು ಕಳೆದುಕೊಂಡರೆ ಅಂಚಿನಲ್ಲಿ ಹೆದ್ದಾರಿ ತೆರೆದಂತೆ. ಒಬ್ಬ ಹೋದರೆ ಇನ್ನೊಬ್ಬ ನಿಲ್ಲಬೇಕು, ಹೋದವನ ಜಾಗವನ್ನು ಆ ಬದಿಯ ಮಿಡ್‌ಫೀಲ್ಡರ್ ಕಾಯಬೇಕು. ಗಟ್ಟೂಸೊ ಮಾಡುತ್ತಿದ್ದ ಅರ್ಧ ಕೆಲಸ ಅದೇ. ಎರಡು, ಮುಂದಿನ ಇಬ್ಬರು ಚೆಂಡಿನ ಆಸೆಗೆ ಕೆಳಗಿಳಿದು ಬಂದು ಸ್ಟ್ರೈಕರ್ ಒಂಟಿಯಾಗುತ್ತಾನೆ. ಒಬ್ಬ ಇಳಿದಾಗ ಇನ್ನೊಬ್ಬ ಕಡ್ಡಾಯವಾಗಿ ಸ್ಟ್ರೈಕರ್ ಹತ್ತಿರ ಇರಬೇಕು. ಮೂರು, ಎದುರಾಳಿ ಒಬ್ಬನನ್ನು ನಿಮ್ಮ ಪಾಸ್ ಮಾಡುವವನಿಗೆ ಗಂಟುಹಾಕುತ್ತಾನೆ. ಆಗ ಪಾಸ್ ಮಾಡುವವನು ಚೆಂಡು ಬೇಡುತ್ತಾ ಓಡಾಡಬಾರದು. ತನ್ನನ್ನು ಕಾಯುವವನನ್ನು ಬದಿಗೆ ಎಳೆದುಕೊಂಡು ಹೋಗಬೇಕು, ತೆರೆದ ಜಾಗದಲ್ಲಿ ಸ್ಟಾಪರ್ (ನಡುವಿನ ಡಿಫೆಂಡರ್) ಚೆಂಡು ಹಿಡಿದು ಮುಂದೆ ನಡೆಯಬೇಕು. ಮಿಲಾನ್‌ನಲ್ಲಿ ನೆಸ್ತಾ ಮತ್ತು ಮಾಲ್ದಿನಿ ಇದನ್ನು ಮಾಡಬಲ್ಲವರಾಗಿದ್ದರು. ಮಕ್ಕಳ ತಂಡದಲ್ಲಿ ಹೆಚ್ಚಾಗಿ ಕೊರತೆ ಕಾಣುವುದು ಇಲ್ಲೇ. ಆದ್ದರಿಂದ ಸ್ಟಾಪರ್‌ಗಳಿಗೆ ಚೆಂಡಿನ ಅಭ್ಯಾಸ ಹೆಚ್ಚು ಕೊಡಿ.

ಪ್ರಶ್ನೆ: 2005ರ ಇಸ್ತಾಂಬುಲ್ ಚಾಂಪಿಯನ್ಸ್ ಲೀಗ್ ಫೈನಲ್‌ನಲ್ಲಿ ಮಿಲಾನ್ ಲಿವರ್‌ಪೂಲ್ ಎದುರು 3-0 ಮುಂದಿದ್ದೂ ಸೋತದ್ದು ಹೇಗೆ? ಆಂಚೆಲೊಟ್ಟಿ ತಪ್ಪೇ?

ಉತ್ತರ: ಮೊದಲ ನಿಮಿಷದಲ್ಲೇ ಮಾಲ್ದಿನಿ, ಆಮೇಲೆ ಕ್ರೆಸ್ಪೊ ಎರಡು. ವಿರಾಮದ ಹೊತ್ತಿಗೆ ಪಂದ್ಯ ಮುಗಿದಂತೆಯೇ ಇತ್ತು. ಅಲ್ಲಿಯವರೆಗೆ ಮಿಲಾನ್‌ನ ಕಕಾ ಲಿವರ್‌ಪೂಲ್‌ನ ಮಿಡ್‌ಫೀಲ್ಡ್ ಹಾಗೂ ಡಿಫೆನ್ಸ್ ನಡುವೆ ಒಬ್ಬರೇ ರಾಜ್ಯಭಾರ ಮಾಡಿದ್ದರು. ವಿರಾಮದಲ್ಲಿ ಲಿವರ್‌ಪೂಲ್ ಕೋಚ್ ರಫೇಲ್ ಬೆನಿಟೆಸ್ ಫುಲ್‌ಬ್ಯಾಕ್ ಫಿನ್ನನ್ ಅವರನ್ನು ತೆಗೆದು ಹಮಾನ್ ಅವರನ್ನು ಇಳಿಸಿ, ಹಿಂದೆ ಮೂವರನ್ನು ನಿಲ್ಲಿಸಿದರು. ಹಮಾನ್ ಕಕಾ ಓಡುವ ಜಾಗ ಮುಚ್ಚಿದರು, ಜೆರಾರ್ಡ್ ಮುಂದೆ ಹೋಗಲು ಸ್ವತಂತ್ರರಾದರು. 54ನೇ ನಿಮಿಷ ಜೆರಾರ್ಡ್, 56ಕ್ಕೆ ಶ್ಮಿತ್ಸರ್, 60ಕ್ಕೆ ಅಲೊನ್ಸೊ. ಆರು ನಿಮಿಷದಲ್ಲಿ ಮೂರೂ ಗೋಲು ತೀರಿದವು.

ಆ ಆರು ನಿಮಿಷದಲ್ಲಿ ಬೆಂಚಿನಿಂದ ಏನೂ ಮಾಡಲು ಆಗುತ್ತಿರಲಿಲ್ಲ ಎಂದು ನಮ್ಮ ಅಭಿಪ್ರಾಯ. ಆಮೇಲೆ ಮಿಲಾನ್ ಮತ್ತೆ ಹಿಡಿತ ಸಾಧಿಸಿತು. ಹೆಚ್ಚುವರಿ ಸಮಯದ ಕೊನೆಯಲ್ಲಿ ಶೆವ್‌ಚೆಂಕೊ ತೀರಾ ಹತ್ತಿರದಿಂದ ಹೊಡೆದ ಎರಡು ಹೊಡೆತಗಳನ್ನು ಗೋಲ್‌ಕೀಪರ್ ದುದೆಕ್ ಒಂದರ ಹಿಂದೊಂದು ತಡೆದರು. ಪೆನಾಲ್ಟಿಯಲ್ಲಿ 3-2ರಿಂದ ಲಿವರ್‌ಪೂಲ್ ಗೆದ್ದಿತು. ಪೆನಾಲ್ಟಿಯ ವಿಷಯದಲ್ಲಿ ಅದೃಷ್ಟ ಎರಡೂ ಕಡೆ ವಾಲಿದೆ: 2003ರ ಫೈನಲ್‌ನಲ್ಲಿ ಯುವೆಂಟಸ್ ಎದುರು ಮಿಲಾನ್ ಗೆದ್ದದ್ದೂ ಪೆನಾಲ್ಟಿಯಲ್ಲೇ, 3-2ರಿಂದಲೇ, ಕೊನೆಯ ಹೊಡೆತ ಶೆವ್‌ಚೆಂಕೊ ಅವರದೇ. 2007ರಲ್ಲಿ ಅಥೆನ್ಸ್‌ನಲ್ಲಿ ಅದೇ ಲಿವರ್‌ಪೂಲ್ ಎದುರು ಇಂಜಾಗಿ ಹೊಡೆದ ಎರಡು ಗೋಲಿನಿಂದ 2-1ರ ಗೆಲುವು ಬಂತು.

ಪ್ರಶ್ನೆ: ಇಷ್ಟು ಗೆದ್ದವರನ್ನು ಕ್ಲಬ್‌ಗಳು ಮತ್ತೆ ಮತ್ತೆ ಕೆಲಸದಿಂದ ತೆಗೆದದ್ದೇಕೆ?

ಉತ್ತರ: ಪ್ರತಿ ಕ್ಲಬ್‌ಗೂ ಅದರದೇ ಕಾರಣ. ಚೆಲ್ಸಿಯಲ್ಲಿ 2009-10ರಲ್ಲಿ 103 ಗೋಲು ಹೊಡೆದು ಲೀಗ್ ಮತ್ತು ಎಫ್‌ಎ ಕಪ್ ಎರಡನ್ನೂ ಗೆದ್ದರು. ಮರುವರ್ಷ ಎರಡನೇ ಸ್ಥಾನ. ಕೊನೆಯ ಪಂದ್ಯ ಮುಗಿದ ದಿನವೇ ತೆಗೆದರು. ಬಯೆರ್ನ್ ಮ್ಯೂನಿಕ್‌ನಲ್ಲಿ 2016-17ರ ಲೀಗ್ ಗೆದ್ದರೂ ತರಬೇತಿಯ ತೀವ್ರತೆ ಸಾಲದೆಂಬ ಅಸಮಾಧಾನದ ವರದಿಗಳು ಬಂದವು. 2017ರ ಸೆಪ್ಟೆಂಬರ್‌ನಲ್ಲಿ ಪಿಎಸ್‌ಜಿ ಎದುರು ರಾಬೆನ್, ರಿಬೆರಿ, ಹುಮ್ಮೆಲ್ಸ್, ಬೊವಾಟೆಂಗ್ ನಾಲ್ವರನ್ನೂ ಆರಂಭದ ಹನ್ನೊಂದರಿಂದ ಹೊರಗಿಟ್ಟು 0-3ರಿಂದ ಸೋತರು. ಮರುದಿನ ಕೆಲಸ ಹೋಯಿತು. ನಾಪೊಲಿಯಲ್ಲಿ ಇನ್ನೂ ವಿಚಿತ್ರ: ಸೋಲುಗಳ ನಂತರ ಆಟಗಾರರೆಲ್ಲ ಮನೆಗೆ ಹೋಗದೆ ಶಿಬಿರದಲ್ಲೇ ಇರಬೇಕೆಂದು ಕ್ಲಬ್ ಆದೇಶಿಸಿತು, ಆಟಗಾರರು ಒಪ್ಪಲಿಲ್ಲ, ತಮಗೂ ಸಮ್ಮತವಿಲ್ಲ ಎಂದು ಆಂಚೆಲೊಟ್ಟಿ ಬಹಿರಂಗವಾಗಿ ಹೇಳಿದರು. 2019ರ ಡಿಸೆಂಬರ್ 10ರಂದು ಗೆಂಕ್ ತಂಡವನ್ನು 4-0ರಿಂದ ಸೋಲಿಸಿ ಚಾಂಪಿಯನ್ಸ್ ಲೀಗ್‌ನ ಮುಂದಿನ ಹಂತಕ್ಕೆ ಏರಿದ ರಾತ್ರಿಯೇ ವಜಾ.

ಒಂದು ಮಾತನ್ನು ಅಭಿಮಾನಿಗಳೂ ಒಪ್ಪಬೇಕು. ಮಿಲಾನ್‌ನಲ್ಲಿ ಸುಮಾರು ಎಂಟು ಋತುಗಳಲ್ಲಿ ಅವರು ಗೆದ್ದ ಲೀಗ್ ಪ್ರಶಸ್ತಿ ಒಂದೇ, 2003-04ರದು. ಆಟಗಾರರಿಗೆ ಸ್ವಾತಂತ್ರ್ಯ ಕೊಟ್ಟು ನಡೆಸುವ ಕೋಚ್ ದೊಡ್ಡ ರಾತ್ರಿಗಳಲ್ಲಿ ಅವರಿಂದ ಪ್ರಾಣ ಒತ್ತೆಯಿಟ್ಟ ಆಟ ಪಡೆಯುತ್ತಾನೆ. ವಾರ ವಾರವೂ ಸಣ್ಣ ತಂಡಗಳೆದುರು ಅದೇ ಬಿಗಿ ಉಳಿಯುವುದು ಕಷ್ಟ.

ಪ್ರಶ್ನೆ: ರಿಯಲ್ ಮ್ಯಾಡ್ರಿಡ್‌ನಲ್ಲಿ ಅವರು ಮಾಡಿದ್ದಾದರೂ ಏನು? ಅಲ್ಲಿ ತಾರೆಯರೇ ಗೆಲ್ಲಿಸಲಿಲ್ಲವೇ?

ಉತ್ತರ: ತಾರೆಯರನ್ನು ಒಂದೇ ಹೊಲಿಗೆಯಲ್ಲಿ ಕೂಡಿಸುವುದೇ ಅಲ್ಲಿನ ಕೆಲಸ. 2013ರಲ್ಲಿ ಬೇಲ್ ಬಂದರು, ಬಲ ವಿಂಗ್ ಅವರ ಪಾಲಾಯಿತು, ಡಿ ಮರಿಯಾಗೆ ಜಾಗ ಉಳಿಯಲಿಲ್ಲ. ಆಂಚೆಲೊಟ್ಟಿ ಅವರನ್ನು ಮಿಡ್‌ಫೀಲ್ಡ್ ಮೂವರಲ್ಲಿ ಎಡಗಡೆಯವರನ್ನಾಗಿ ಮಾಡಿದರು. ಚೆಂಡು ತಮ್ಮ ಬಳಿ ಇದ್ದಾಗ 4-3-3. ಕಳೆದುಕೊಂಡ ಕೂಡಲೇ ಡಿ ಮರಿಯಾ ಎಡ ಅಂಚಿಗೆ ಓಡಿ, ಬೇಲ್ ಬಲ ಅಂಚಿನಲ್ಲಿ ಹಿಂದೆ ಇಳಿದು, ತಂಡ 4-4-2 ಆಗುತ್ತಿತ್ತು. ರೊನಾಲ್ಡೊ ಹಿಂದೆ ಓಡಿ ದಣಿಯಬೇಕಿರಲಿಲ್ಲ. ಗಮನಿಸಿ: ಪಾರ್ಮಾದ 4-4-2 ಇಲ್ಲಿ ಮತ್ತೆ ಬಂತು, ಆದರೆ ರೊನಾಲ್ಡೊಗೆ ಅನುಕೂಲವಾಗುವಂತೆ. 2014ರ ಏಪ್ರಿಲ್‌ನಲ್ಲಿ ಸೆಮಿಫೈನಲ್‌ನ ಎರಡನೇ ಪಂದ್ಯದಲ್ಲಿ ಬಯೆರ್ನ್ ತಂಡವನ್ನು ಮ್ಯೂನಿಕ್‌ನಲ್ಲೇ 4-0ರಿಂದ ಸೋಲಿಸಿದ್ದು ಈ ಏರ್ಪಾಟಿನಿಂದ.

ಲಿಸ್ಬನ್ ಫೈನಲ್‌ನಲ್ಲಿ ಅಟ್ಲೆಟಿಕೊ 1-0 ಮುಂದಿತ್ತು. 59ನೇ ನಿಮಿಷದಲ್ಲಿ ಮಾರ್ಸೆಲೊ ಮತ್ತು ಇಸ್ಕೊ ಇಬ್ಬರನ್ನೂ ಒಟ್ಟಿಗೆ ಇಳಿಸಿದರು. ಕಾಯುವ ಮಿಡ್‌ಫೀಲ್ಡರ್ ಖೆದಿರಾ ಹೊರಹೋದರು. ಅಲ್ಲಿಂದ ಆಟ ಪೂರ್ತಿ ಅಟ್ಲೆಟಿಕೊ ಗೋಲಿನ ಕಡೆಗೇ ವಾಲಿತು. ಹೆಚ್ಚುವರಿ ಸೇರಿಸಿದ ಮೂರನೇ ನಿಮಿಷದಲ್ಲಿ ಕಾರ್ನರ್‌ಗೆ ರಾಮೊಸ್ ತಲೆ ಕೊಟ್ಟು ಸಮ ಮಾಡಿದರು. ಹೆಚ್ಚುವರಿ ಸಮಯದಲ್ಲಿ ಮ್ಯಾಡ್ರಿಡ್ ಅಂತಿಮವಾಗಿ 4-1ರಿಂದ ಗೆದ್ದಿತು.

2021ರಲ್ಲಿ ಮರಳಿ ಬಂದ ಮೇಲೆ 2022 ಮತ್ತು 2024ರ ಚಾಂಪಿಯನ್ಸ್ ಲೀಗ್ ಬಂದವು. 2022ರ ಸೆಮಿಫೈನಲ್‌ನಲ್ಲಿ ಮ್ಯಾಂಚೆಸ್ಟರ್ ಸಿಟಿ ಎದುರು ಕ್ರೋಸ್, ಕಸೆಮಿರೊ, ಮೊಡ್ರಿಚ್ ಮೂವರನ್ನೂ 75ನೇ ನಿಮಿಷದೊಳಗೆ ಹೊರಕರೆದರು. ಅಂಥ ಹೆಸರುಗಳನ್ನು ಅಂಥ ಹೊತ್ತಿನಲ್ಲಿ ಕೂರಿಸಲು ಎದೆ ಬೇಕು. ಕ್ರೋಸ್ ಜಾಗಕ್ಕೆ ಬಂದ ರೊಡ್ರಿಗೊ 90ನೇ ನಿಮಿಷದಲ್ಲೊಂದು, ಮರುನಿಮಿಷದಲ್ಲೇ ಇನ್ನೊಂದು ಗೋಲು ಹೊಡೆದರು. ಬೆಂಜೆಮಾ ಹೋದ ಮೇಲೆ 2023-24ರಲ್ಲಿ ನಿಜವಾದ ಸ್ಟ್ರೈಕರ್ ಕೊರತೆ ಬಿತ್ತು. ಮಿಡ್‌ಫೀಲ್ಡರ್ ಬೆಲಿಂಗ್‌ಹ್ಯಾಮ್‌ರನ್ನು ಮುಂದಿನ ಇಬ್ಬರ ಹಿಂದೆ ನಿಲ್ಲಿಸಿದರು, ಅವರು ಲೀಗ್‌ನಲ್ಲಿ 19 ಗೋಲು ತಂದರು. ಪಾರ್ಮಾದಲ್ಲಿ ಬಾಜ್ಜೊ ಕೇಳಿದ್ದ ಜಾಗ ಹೆಚ್ಚುಕಡಿಮೆ ಅದೇ.

ಪ್ರಶ್ನೆ: ಅವರ ದಾಖಲೆಗಳನ್ನು ಒಂದೆಡೆ ಕೊಡಿ.

ಉತ್ತರ: ಕೋಚ್ ಆಗಿ ಐದು ಚಾಂಪಿಯನ್ಸ್ ಲೀಗ್: ಮಿಲಾನ್‌ನೊಂದಿಗೆ 2003, 2007, ಮ್ಯಾಡ್ರಿಡ್‌ನೊಂದಿಗೆ 2014, 2022, 2024. ಇಷ್ಟು ಗೆದ್ದ ಬೇರೆ ಕೋಚ್ ಇಲ್ಲ. ಆಟಗಾರರಾಗಿ ಗೆದ್ದ ಎರಡು ಬೇರೆ. ಇಟಲಿ (2004), ಇಂಗ್ಲೆಂಡ್ (2010), ಫ್ರಾನ್ಸ್ (2013), ಜರ್ಮನಿ (2017), ಸ್ಪೇನ್ (2022) ಈ ಐದೂ ದೊಡ್ಡ ಲೀಗ್‌ಗಳನ್ನು ಗೆದ್ದ ಮೊದಲ ಕೋಚ್. 2024ರಲ್ಲಿ ಸ್ಪೇನ್ ಲೀಗ್ ಮತ್ತೊಮ್ಮೆ.

ಪ್ರಶ್ನೆ: ಬ್ರೆಜಿಲ್ ತಂಡಕ್ಕೆ ಹೋದ ಮೇಲೆ ಅವರ ಕೆಲಸ ಹೇಗೆ ಬದಲಾಯಿತು?

ಉತ್ತರ: ಕ್ಲಬ್‌ನಲ್ಲಿ ಆಟಗಾರ ದಿನಾ ಕಣ್ಣೆದುರು ಇರುತ್ತಾನೆ. ರಾಷ್ಟ್ರೀಯ ತಂಡದಲ್ಲಿ ಪಂದ್ಯಕ್ಕೆ ಮೊದಲು ಸಿಗುವುದು ಕೆಲವೇ ದಿನ. ಹೊಸ ಜಾಗಕ್ಕೆ ಒಬ್ಬನನ್ನು ಪಳಗಿಸಲು ಪಿರ್ಲೊಗೋ ಡಿ ಮರಿಯಾಗೋ ಸಿಕ್ಕಷ್ಟು ತಿಂಗಳುಗಳು ಸಿಗುವುದಿಲ್ಲ. ಆದ್ದರಿಂದ ಆಟಗಾರ ತನ್ನ ಕ್ಲಬ್‌ನಲ್ಲಿ ಈಗಾಗಲೇ ಆಡುತ್ತಿರುವ ಜಾಗದಲ್ಲೇ ಆಡಿಸಬೇಕಾಗುತ್ತದೆ. 2025ರ ಮೇ ತಿಂಗಳಲ್ಲಿ ಹೊಣೆ ಹೊತ್ತರು. ಜೂನ್ 5ರಂದು ಮೊದಲ ಪಂದ್ಯ, ಎಕ್ವಡಾರ್ ಎದುರು 0-0. ಐದು ದಿನ ಬಿಟ್ಟು ಸಾವೊ ಪಾವ್ಲೊದಲ್ಲಿ ವಿನಿಸಿಯಸ್ ಗೋಲಿನಿಂದ ಪರಾಗ್ವೆಯನ್ನು 1-0ರಿಂದ ಸೋಲಿಸಿ ಬ್ರೆಜಿಲ್ 2026ರ ವಿಶ್ವಕಪ್‌ಗೆ ಅರ್ಹತೆ ಪಡೆಯಿತು. ಅಂದು ಆಂಚೆಲೊಟ್ಟಿಗೆ 66 ತುಂಬಿದ ದಿನ.